ಯಂತ್ರನಿಯೋಗಿಗಾಗಿ ಸೂಚೀವಿವರಣೆ: ಆರು ಅನುಯೋಗದ್ವಾರಗಳ ದೃಷ್ಟಿಯಿಂದ

ಹಸ್ತಪ್ರತಿ ಭಂಡಾರವೊಂದರಲ್ಲಿ ಎಷ್ಟೇ ಅಮೂಲ್ಯವಾದ ಗ್ರಂಥಗಳಿರಲಿ, ಅವುಗಳ ಸೂಚಿ ಸಿದ್ಧವಾಗುವವರೆಗೆ ವಿದ್ವತ್ಪ್ರಪಂಚದ ಪಾಲಿಗೆ ಅವು ಇದ್ದೂ ಇಲ್ಲದಂತೆಯೇ ಸರಿ. ಆದುದರಿಂದಲೇ ಗ್ರಂಥಸಂಪಾದನೆಗಿಂತ ಮೊದಲು ಗ್ರಂಥಸೂಚಿ ಎಂಬ ಕ್ರಮವನ್ನು ವಿದ್ವಾಂಸರು ಅನುಸರಿಸುತ್ತ ಬಂದಿದ್ದಾರೆ. ೧೮೯೧ರಿಂದ ೧೯೦೩ರ ಅವಧಿಯಲ್ಲಿ ಮೂರು ಭಾಗಗಳಾಗಿ ಹೊರಬಂದ ಆಫ್ರೆಕ್ಟರ ಕ್ಯಾಟಲಾಗಸ್ ಕ್ಯಾಟಲಾಗೊರಮ್, ೧೯೪೪ರಲ್ಲಿ ಪುಣೆಯ ಭಾಂಡಾರಕರ್ ಪ್ರಾಚ್ಯ ಸಂಶೋಧನ ಮಂದಿರದಿಂದ ಪ್ರಕಟವಾದ ವೇಲಣಕರರ ಜಿನರತ್ನಕೋಶ, ೧೯೪೮ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾದ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ ಇವು ಈ ಮಾರ್ಗದ ಮೈಲಿಗಲ್ಲುಗಳು. ಇವೆಲ್ಲವೂ ಮನುಷ್ಯನ ಓದಿಗಾಗಿ ಸಿದ್ಧವಾದವು. ಓದುಗನಿಗೆ ಸಂಶಯ ಬಂದರೆ ಪೀಠಿಕೆಯನ್ನು ನೋಡಬಹುದು. ಅಲ್ಲಿಯೂ ಪರಿಹಾರ ದೊರೆಯದಿದ್ದರೆ ಭಂಡಾರದ ಅಧಿಕಾರಿಗಳಿಗೆ ಪತ್ರ ಬರೆದು ಕೇಳಬಹುದು.

ಈಗ ಪರಿಸ್ಥಿತಿ ಬದಲಾಗುತ್ತಿದೆ. ೨೦೦೩ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಮಿಷನ್ ಗ್ರಂಥವಿವರಗಳನ್ನು ಗಣಕಯಂತ್ರಕ್ಕೆ ತುಂಬುವ ಕಾರ್ಯವನ್ನು ದೇಶವ್ಯಾಪಿಯಾಗಿ ನಡೆಸಿತು. ೨೦೨೫ರ ಕೇಂದ್ರ ಆಯವ್ಯಯದಲ್ಲಿ ಘೋಷಿತವಾದ ಜ್ಞಾನ ಭಾರತಂ ಯೋಜನೆ ಒಂದು ಕೋಟಿಗೂ ಹೆಚ್ಚಿನ ಹಸ್ತಪ್ರತಿಗಳ ಸರ್ವೇಕ್ಷಣೆ, ದಾಖಲೀಕರಣ ಮತ್ತು ಸಂರಕ್ಷಣೆಯನ್ನು ಗುರಿಯಾಗಿ ಇರಿಸಿಕೊಂಡಿದೆ. ಹೀಗೆ ಸೂಚಿಗಳು ಕಾಗದದಿಂದ ದತ್ತಾಂಶಕೋಶಗಳಿಗೆ, ಎಂದರೆ ಡೇಟಾಬೇಸುಗಳಿಗೆ ಸಾಗುತ್ತಿರುವಾಗಲೇ ಅವುಗಳನ್ನು ಓದುವವರ ಸಾಲಿಗೆ ಒಬ್ಬ ಹೊಸ ಓದುಗನ ಸೇರ್ಪಡೆಯಾಗಿದೆ. ಅದು ಕೃತಕ ಬುದ್ಧಿಮತ್ತೆಯ ಏಜೆಂಟ್. ಸಂಶೋಧಕನ ಪ್ರಶ್ನೆಯನ್ನು ಸ್ವೀಕರಿಸಿ, ಅವನ ಪರವಾಗಿ ಕೋಶಗಳನ್ನು ಹುಡುಕಿ, ಉತ್ತರವನ್ನು ತಂದೊಪ್ಪಿಸುವುದರಿಂದ ಅದನ್ನು ಈ ಲೇಖನದಲ್ಲಿ 'ನಿಯೋಗಿ' ಎಂದು ಕರೆಯಲಾಗಿದೆ. ಈ ನಿಯೋಗಿಗೆ ಕೊಡುವ ಉಪಕರಣಗಳಲ್ಲಿ ಮೊತ್ತಮೊದಲನೆಯದು ದತ್ತಾಂಶಕೋಶಗಳ ಪಟ್ಟಿಯನ್ನು ಕೊಡುವ ಉಪಕರಣ. ಅದರ ವಿವರಣೆಯನ್ನು ಹೇಗೆ ಬರೆಯಬೇಕೆಂಬುದೇ ಇಲ್ಲಿಯ ವಿಚಾರ.

ನಿಯೋಗಿ, ಉಪಕರಣ ಮತ್ತು ವಿವರಣೆ

ನಿಯೋಗಿಯ ಒಳಗೆ ಕೆಲಸ ಮಾಡುವುದು ಒಂದು ಭಾಷಾಮಾದರಿ. ಅದು ತಾನಾಗಿ ಯಾವ ಕೋಶವನ್ನೂ ತೆರೆಯಲಾರದು. ತನಗೆ ಒಪ್ಪಿಸಿರುವ ಉಪಕರಣಗಳಲ್ಲಿ ಒಂದನ್ನು ಆರಿಸಿ, 'ಇದನ್ನು ಈ ಅಂಶಗಳೊಡನೆ ನಡೆಸು' ಎಂದು ಬರೆದು ತಿಳಿಸುತ್ತದೆ. ನಡೆಸುವ ಕಾರ್ಯ ಬೇರೊಂದು ಕ್ರಮವಿಧಿಯದು. ಬಂದ ಫಲವನ್ನು ಮಾದರಿ ಓದಿ ಮುಂದಿನ ಹೆಜ್ಜೆ ಇಡುತ್ತದೆ. ಉಪಕರಣಗಳನ್ನು ಹೀಗೆ ಒಪ್ಪಿಸುವುದಕ್ಕೆ ಒಂದು ಸಮಾನ ಪದ್ಧತಿಯನ್ನು ಆಂತ್ರೋಪಿಕ್ ಸಂಸ್ಥೆ ೨೦೨೪ರ ನವೆಂಬರಿನಲ್ಲಿ ಪ್ರಕಟಿಸಿತು. ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಎಂಬುದು ಅದರ ಹೆಸರು. ಈ ಪದ್ಧತಿಯಲ್ಲಿ ಪ್ರತಿಯೊಂದು ಉಪಕರಣಕ್ಕೂ ಮುಖ್ಯವಾಗಿ ಮೂರು ಅಂಗಗಳಿರುತ್ತವೆ: ಹೆಸರು, ವಿವರಣೆ, ಮತ್ತು ಅದು ಸ್ವೀಕರಿಸುವ ಅಂಶಗಳ ನಿಯತರೂಪ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಉಪಕರಣದ ಒಳಗಿನ ಕ್ರಮವಿಧಿಯ ಪಾಠ ಮಾದರಿಯ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಕಾಣುವುದು ಈ ಮೂರು ಅಂಗಗಳು ಮಾತ್ರ. ಕ್ರಮವಿಧಿಯನ್ನು ಬರೆದವನ ಮನಸ್ಸಿನಲ್ಲಿದ್ದ ಮಿತಿಗಳು, ಅಪವಾದಗಳು, ಪೂರ್ವಕಲ್ಪನೆಗಳು ವಿವರಣೆಯಲ್ಲಿ ಬಾರದಿದ್ದರೆ ನಿಯೋಗಿಯ ಪಾಲಿಗೆ ಅವು ಇಲ್ಲವೇ ಇಲ್ಲ. ಮನುಷ್ಯನಾದ ಓದುಗ ಅಸ್ಪಷ್ಟವಾದೆಡೆಯಲ್ಲಿ ನಿಂತು ಕೇಳುತ್ತಾನೆ. ನಿಯೋಗಿಯಾದರೋ ಬಹುಮಟ್ಟಿಗೆ ಸಂಭವನೀಯವೆಂದು ತೋರಿದ ಅರ್ಥವನ್ನು ಊಹಿಸಿಕೊಂಡು ಮುಂದುವರಿಯುತ್ತದೆ. ಲಿಪಿಕಾರನು ಮಾತೃಕೆಯಲ್ಲಿ ತ್ರುಟಿತವಾದ ಸ್ಥಳವನ್ನು ತನ್ನ ಊಹೆಯಿಂದ ತುಂಬಿ, ತುಂಬಿದುದನ್ನು ಸೂಚಿಸದೆ ಬಿಟ್ಟರೆ ಆಗುವ ಅನರ್ಥವೇ ಇಲ್ಲಿಯೂ ಆಗುತ್ತದೆ. ಓದುವವನಿಗೆ ಮೂಲಪಾಠ ಯಾವುದು, ಪೂರಣ ಯಾವುದು ಎಂಬ ಭೇದ ತಿಳಿಯುವುದಿಲ್ಲ.

ನಾಸ್ತಿ ಎಂಬ ಮಾತಿನ ಹೊಣೆ

ಪಟ್ಟಿ ಕೊಡುವ ಉಪಕರಣ ನೋಡಲು ಅತಿ ಸರಳ. ಆದರೆ ನಿಯೋಗಿಯ ಸಮಸ್ತ ಶೋಧನೆಯೂ ಅದರಿಂದ ಹೊರಡುವುದರಿಂದ ಅದರಲ್ಲಿಯ ದೋಷ ಮುಂದಿನ ಎಲ್ಲ ಹೆಜ್ಜೆಗಳಿಗೂ ಹರಡುತ್ತದೆ. ಉದಾಹರಣೆಗೆ, ಒಂದು ಸಂಸ್ಥೆಯಲ್ಲಿ ಕನ್ನಡ ತಾಡಪತ್ರ, ಪ್ರಾಕೃತ ಕಾಗದಪ್ರತಿ, ಛಾಯಾಪ್ರತಿ ಎಂಬ ಮೂರು ಕೋಶಗಳಿವೆಯೆಂದೂ ನಿಯೋಗಿಗೆ ಮೊದಲನೆಯ ಎರಡಕ್ಕೆ ಮಾತ್ರ ಪ್ರವೇಶವಿದೆಯೆಂದೂ ಇಟ್ಟುಕೊಳ್ಳೋಣ. ಸಂಶೋಧಕನೊಬ್ಬನು ಒಂದು ವೃತ್ತಿಗ್ರಂಥದ ಪ್ರತಿ ಇದೆಯೇ ಎಂದು ಕೇಳುತ್ತಾನೆ. ನಿಯೋಗಿ ಪಟ್ಟಿಯನ್ನು ಪಡೆದು, ಎರಡು ಕೋಶಗಳನ್ನು ಹುಡುಕಿ, 'ಈ ಸಂಸ್ಥೆಯಲ್ಲಿ ಪ್ರತಿ ಇಲ್ಲ' ಎಂದು ಉತ್ತರಿಸುತ್ತದೆ. ಆದರೆ ಪ್ರತಿ ಮೂರನೆಯ ಕೋಶದಲ್ಲಿದೆ. ಸಂಶೋಧಕನು ಆ ಮಾತನ್ನು ನಂಬಿ ಲಭ್ಯವಿದ್ದ ಮಾತೃಕೆಯನ್ನು ಬಿಟ್ಟು ಸಂಪಾದನೆಯನ್ನು ಮುಗಿಸುತ್ತಾನೆ. ಅಚ್ಚಾದ ಗ್ರಂಥದ ಪೀಠಿಕೆಯಲ್ಲಿ 'ಪ್ರತಿ ಅನುಪಲಬ್ಧ' ಎಂಬ ವಾಕ್ಯ ಸೇರುತ್ತದೆ. ಮುಂದಿನವರು ಅದನ್ನೇ ಉದ್ಧರಿಸುತ್ತಾರೆ. ಹೀಗೆ ಇದ್ದ ಗ್ರಂಥವೊಂದು ಕಾಗದದ ಮೇಲೆ ನಷ್ಟವಾಗುತ್ತದೆ.

ಸ್ಯಾದ್ವಾದದ ದೃಷ್ಟಿಯಲ್ಲಿ 'ನಾಸ್ತಿ' ಎಂಬ ಮಾತನ್ನು ಅಪೇಕ್ಷೆಯಿಲ್ಲದೆ ಆಡುವಂತಿಲ್ಲ. ಯಾವ ದ್ರವ್ಯ, ಯಾವ ಕ್ಷೇತ್ರ, ಯಾವ ಕಾಲ, ಯಾವ ಭಾವದ ಅಪೇಕ್ಷೆಯಿಂದ ಇಲ್ಲವೆನ್ನಲಾಗುತ್ತಿದೆ ಎಂಬುದು ಜೊತೆಗೂಡಿದಾಗಲೇ ಆ ಮಾತು ಸತ್ಯವಾಗುತ್ತದೆ. ದತ್ತಾಂಶಕೋಶಗಳ ಪಟ್ಟಿಗೂ ಇದು ಯಥಾವತ್ತಾಗಿ ಅನ್ವಯಿಸುತ್ತದೆ. ಪಟ್ಟಿಯಲ್ಲಿ ಇಲ್ಲದಿರುವುದು ಈ ಸರ್ವರಿನಲ್ಲಿ, ಈ ಅನುಮತಿಯಿಂದ, ಈ ಗಳಿಗೆಯಲ್ಲಿ ಕಾಣದಿರುವುದು ಮಾತ್ರ. ಉಪಕರಣದ ವಿವರಣೆ ಈ ಅಪೇಕ್ಷೆಗಳನ್ನು ನಿಯೋಗಿಗೆ ತಿಳಿಸಿಕೊಟ್ಟರೆ ಅದರ ಉತ್ತರದಲ್ಲಿಯೂ ಅವು ಉಳಿಯುತ್ತವೆ. ತಿಳಿಸದಿದ್ದರೆ ಸಾಪೇಕ್ಷವಾದ ನಾಸ್ತಿ ನಿರಪೇಕ್ಷವಾಗಿ ಹೊರಬೀಳುತ್ತದೆ.

ಈ ಅಪೇಕ್ಷೆಗಳನ್ನು ಒಂದೂ ಬಿಡದೆ ಹೇಳುವುದಕ್ಕೆ ಜೈನ ಶಾಸ್ತ್ರದಲ್ಲಿಯೇ ಸಿದ್ಧವಾದ ಒಂದು ಕ್ರಮವಿದೆ. ತತ್ತ್ವಾರ್ಥಸೂತ್ರದ ಪ್ರಥಮಾಧ್ಯಾಯದಲ್ಲಿ ಪದಾರ್ಥಗಳನ್ನು ಅರಿಯುವ ಬಾಗಿಲುಗಳಾಗಿ ಆರು ಅನುಯೋಗದ್ವಾರಗಳನ್ನು ಹೇಳಿದೆ. ಅವು ಗಣಕಯಂತ್ರಕ್ಕಾಗಿ ಹುಟ್ಟಿದವಲ್ಲ. ಆದರೆ ಯಾವುದೇ ವಸ್ತುವಿನ ವಿಷಯದಲ್ಲಿ ಕೇಳಲೇಬೇಕಾದ ಪ್ರಶ್ನೆಗಳಾದುದರಿಂದ ಇಲ್ಲಿಯೂ ಉಪಯುಕ್ತವಾಗುತ್ತವೆ. ಒಂದೊಂದನ್ನಾಗಿ ಪರಿಶೀಲಿಸಬಹುದು.

೧. ನಿರ್ದೇಶ

ಸ್ವರೂಪವನ್ನು ಹೇಳುವುದು ನಿರ್ದೇಶ. 'ದತ್ತಾಂಶಕೋಶಗಳ ಪಟ್ಟಿಯನ್ನು ಕೊಡುತ್ತದೆ' ಎಂಬ ಏಕವಾಕ್ಯದ ವಿವರಣೆ ಸಾಮಾನ್ಯವಾಗಿ ಕಂಡುಬರುವಂಥದು. ಇದು ಅಸತ್ಯವಲ್ಲ; ಆದರೆ ಉಪಕರಣದ ಹೆಸರು ಈಗಾಗಲೇ ಹೇಳಿದುದಕ್ಕಿಂತ ಹೆಚ್ಚಿನದೇನನ್ನೂ ಇದು ಹೇಳುವುದಿಲ್ಲ. ಸ್ವರೂಪವನ್ನು ಹೇಳುವಾಗ ಅದು ಏನಲ್ಲ ಎಂಬುದನ್ನೂ ಹೇಳಬೇಕು. ಈ ಉಪಕರಣ ಕೊಡುವುದು ಕೋಶಗಳ ಹೆಸರು. ಕೋಶದೊಳಗಿನ ಗ್ರಂಥಗಳ ಹೆಸರಲ್ಲ. ಸೂಚಿಗಳ ಸೂಚಿಗೂ ಸೂಚಿಗೂ ಇರುವ ಅಂತರವೇ ಇದು. ಆಫ್ರೆಕ್ಟರ ಗ್ರಂಥವನ್ನು ತೆರೆದವನಿಗೆ ಒಂದು ಕೃತಿ ಯಾವ ಯಾವ ಸೂಚಿಯಲ್ಲಿ ದಾಖಲಾಗಿದೆ ಎಂಬುದು ತಿಳಿಯುತ್ತದೆ; ಆ ಪ್ರತಿಯಲ್ಲಿ ಎಷ್ಟು ಗರಿಗಳು ಉಳಿದಿವೆ ಎಂಬುದನ್ನು ತಿಳಿಯಲು ಮೂಲಸೂಚಿಗೆ ಹೋಗಲೇಬೇಕು. ಅದೇ ರೀತಿ ಗ್ರಂಥದ ಇರವನ್ನು ತಿಳಿಯಬೇಕಾದರೆ ಮುಂದೆ ಯಾವ ಉಪಕರಣವನ್ನು ಬಳಸಬೇಕೆಂಬುದನ್ನು ವಿವರಣೆಯೇ ಸೂಚಿಸುವುದು ಯುಕ್ತ.

೨. ಸ್ವಾಮಿತ್ವ

ಯಾರ ಅಧಿಕಾರಕ್ಕೆ ಒಳಪಟ್ಟದ್ದು ಎಂಬುದು ಎರಡನೆಯ ದ್ವಾರ. ಪಟ್ಟಿ ಯಾರ ಅನುಮತಿಯಿಂದ ಹೊರಡುತ್ತದೆ ಎಂಬುದರ ಮೇಲೆ ಅದರ ಅರ್ಥವೇ ಬದಲಾಗುತ್ತದೆ. ಪ್ರಸಿದ್ಧವಾದ ಎರಡು ವ್ಯವಸ್ಥೆಗಳನ್ನು ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ. ಮೈಎಸ್‌ಕ್ಯೂಎಲ್ ವ್ಯವಸ್ಥೆಯಲ್ಲಿ ಶೋ ಡೇಟಾಬೇಸಸ್ ಎಂಬ ಆಜ್ಞೆಯನ್ನು ಕೊಟ್ಟಾಗ, ಕೇಳಿದವನಿಗೆ ಯಾವುದಾದರೊಂದು ಅಧಿಕಾರವಿರುವ ಕೋಶಗಳ ಹೆಸರು ಮಾತ್ರ ಬರುತ್ತದೆ. ಎಲ್ಲವೂ ಕಾಣಬೇಕಾದರೆ ಅದಕ್ಕೆಂದೇ ಪ್ರತ್ಯೇಕವಾದ ಸಾರ್ವತ್ರಿಕ ಅಧಿಕಾರ ಬೇಕು. ಪೋಸ್ಟ್‌ಗ್ರೆಸ್‌ಕ್ಯೂಎಲ್ ವ್ಯವಸ್ಥೆಯಲ್ಲಿ ಇದಕ್ಕೆ ವಿಪರೀತ. ಅಲ್ಲಿ ಕೋಶಗಳ ಹೆಸರುಗಳು ಪಿಜಿ ಡೇಟಾಬೇಸ್ ಎಂಬ ಸಮಾನ ಕೋಷ್ಟಕದಲ್ಲಿದ್ದು, ಪ್ರವೇಶವಿಲ್ಲದ ಕೋಶದ ಹೆಸರೂ ಸಾಮಾನ್ಯವಾಗಿ ಕಾಣುತ್ತದೆ. ಎಂದರೆ ಮೊದಲನೆಯದರಲ್ಲಿ ಪಟ್ಟಿ ವಾಸ್ತವಕ್ಕಿಂತ ಚಿಕ್ಕದಾಗಿರಬಹುದು. ಎರಡನೆಯದರಲ್ಲಿ ಪಟ್ಟಿ ತೆರೆಯಬಹುದಾದುದಕ್ಕಿಂತ ದೊಡ್ಡದಾಗಿರಬಹುದು. 'ಪಟ್ಟಿಯನ್ನು ಕೊಡುತ್ತದೆ' ಎಂಬ ಒಂದೇ ವಾಕ್ಯ ಈ ಎರಡಕ್ಕೂ ಸಮನಾಗಿ ಒಪ್ಪುತ್ತದೆ ಎಂಬುದೇ ಅದರ ದೋಷ.

ಹಸ್ತಪ್ರತಿಗಳ ಇತಿಹಾಸವನ್ನು ಬಲ್ಲವರಿಗೆ ಈ ಭೇದ ಹೊಸದೇನಲ್ಲ. ಧವಲ, ಜಯಧವಲ, ಮಹಾಧವಲಗಳ ತಾಡಪತ್ರ ಪ್ರತಿಗಳು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಸುರಕ್ಷಿತವಾಗಿದ್ದವು. ಅವು ಇವೆಯೆಂಬುದು ಜನಜನಿತವಾಗಿತ್ತು. ಯಾತ್ರಿಕರಿಗೆ ಅವುಗಳ ದರ್ಶನವೂ ದೊರೆಯುತ್ತಿತ್ತು. ಆದರೆ ಓದಿ ಪ್ರತಿ ಮಾಡಿಕೊಳ್ಳುವ ಅವಕಾಶ ಬಹುಕಾಲ ಇರಲಿಲ್ಲ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲಟೀಕಾಸಹಿತ ಷಟ್ಖಂಡಾಗಮದ ಮೊದಲ ಸಂಪುಟ ಅಚ್ಚಾದುದು ೧೯೩೯ರಲ್ಲಿ. ಅಸ್ತಿತ್ವ ಬೇರೆ, ದರ್ಶನ ಬೇರೆ, ಪಠನಾಧಿಕಾರ ಬೇರೆ. ಪಟ್ಟಿಯ ವಿವರಣೆ ಈ ಮೂರರಲ್ಲಿ ಯಾವುದನ್ನು ಕುರಿತು ಹೇಳುತ್ತಿದೆ ಎಂಬುದನ್ನು ನಿಯೋಗಿಗೆ ಸ್ಪಷ್ಟಪಡಿಸಬೇಕು.

ಸ್ವಾಮಿತ್ವಕ್ಕೆ ಇನ್ನೊಂದು ಮುಖವೂ ಉಂಟು. ಭಂಡಾರಗಳ ಒಡೆಯರಾದ ಮಠ, ಬಸದಿ ಮತ್ತು ಮನೆತನಗಳು ತಮ್ಮ ಸಂಗ್ರಹದ ಹೆಸರೂ ಹೊರಬೀಳಬಾರದೆಂದು ಬಯಸುವುದುಂಟು. ಅಪೂರ್ವವಾದ ಪ್ರತಿಗಳ ನೆಲೆ ಬಹಿರಂಗವಾದರೆ ಕಳವಿನ ಭಯ ಇದ್ದೇ ಇದೆ. ಅಂಥ ಕೋಶವನ್ನು ಮರೆಮಾಡುವ ಕಾರ್ಯವನ್ನು ವಿವರಣೆಯ ಮಾತಿಗೆ ವಹಿಸಬಾರದು. ಪ್ರೋಟೊಕಾಲಿನಲ್ಲಿ ಉಪಕರಣಕ್ಕೆ 'ಓದಲು ಮಾತ್ರ' ಎಂಬ ಗುರುತನ್ನು ಹಚ್ಚಲು ಅವಕಾಶವಿದೆ. ಆದರೆ ಅದು ಸೂಚನೆಯೇ ಹೊರತು ಬೀಗವಲ್ಲ. ಬೀಗ ಇರಬೇಕಾದದ್ದು ಸರ್ವರಿನಲ್ಲಿ ನಿಯೋಗಿಗೆ ಕೊಟ್ಟಿರುವ ಖಾತೆಯ ಅಧಿಕಾರದಲ್ಲಿ.

೩. ಸಾಧನ

ಉತ್ಪತ್ತಿಯ ನಿಮಿತ್ತವನ್ನು ಹೇಳುವುದು ಮೂರನೆಯ ದ್ವಾರ. ಈ ಪಟ್ಟಿ ಹೇಗೆ ಹುಟ್ಟುತ್ತದೆ? ಸರ್ವರು ತನ್ನ ವ್ಯವಸ್ಥಾಕೋಷ್ಟಕವನ್ನು ಓದಿ ಕೊಟ್ಟ ಪಟ್ಟಿಯೇ, ಅಥವಾ ಯಾರೋ ಕೈಯಿಂದ ಬರೆದಿಟ್ಟ ಕಡತವನ್ನು ಓದಿ ಒಪ್ಪಿಸುತ್ತಿರುವ ಪಟ್ಟಿಯೇ? ಮೊದಲನೆಯದಕ್ಕೆ ಪ್ರತ್ಯಕ್ಷದ ಬಲವಿದೆ. ಎರಡನೆಯದು ಪರಂಪರಾಗತ ಹೇಳಿಕೆಯಂತೆ, ಮೂಲದೊಡನೆ ಹೋಲಿಸಿ ನೋಡುವವರೆಗೆ ಸಂಶಯಾರ್ಹ. ನಡೆಸಲು ನಿಯೋಗಿ ಯಾವ ಅಂಶಗಳನ್ನು ಒದಗಿಸಬೇಕು, ಯಾವುದು ಐಚ್ಛಿಕ, ಒದಗಿಸದಿದ್ದರೆ ಉಪಕರಣ ಏನನ್ನು ಭಾವಿಸಿಕೊಳ್ಳುತ್ತದೆ ಎಂಬ ವಿವರಗಳು ಇಲ್ಲಿಯೇ ಬರಬೇಕು.

ಉತ್ಪತ್ತಿಯನ್ನು ಹೇಳಿದ ಮೇಲೆ ಅನುತ್ಪತ್ತಿಯನ್ನೂ ಹೇಳಬೇಕಾಗುತ್ತದೆ. ಸಂಪರ್ಕ ಕಡಿದುಹೋದರೆ, ಗುಪ್ತಪದ ತಪ್ಪಾಗಿದ್ದರೆ, ಕಾಲಮಿತಿ ಮೀರಿದರೆ ಉಪಕರಣ ಬರಿದಾದ ಪಟ್ಟಿಯನ್ನು ಕೊಡಕೂಡದು. 'ಹೋಗಿ ನೋಡಿದಾಗ ಕಪಾಟು ಬರಿದಾಗಿತ್ತು' ಎಂಬುದಕ್ಕೂ 'ಬಾಗಿಲು ತೆರೆಯಲಿಲ್ಲ' ಎಂಬುದಕ್ಕೂ ಮಹದಂತರವಿದೆ. ಮೇಲೆ ಹೇಳಿದ ಪ್ರೋಟೊಕಾಲಿನಲ್ಲಿ ಫಲದೊಡನೆ ದೋಷಸೂಚಕ ಚಿಹ್ನೆಯೊಂದನ್ನು ಕಳುಹಿಸುವ ಏರ್ಪಾಡಿದೆ. ಅದನ್ನು ಬಳಸಿ, ದೋಷದ ಕಾರಣವನ್ನೂ ಅನಂತರ ಮಾಡಬೇಕಾದುದನ್ನೂ ಸರಳವಾಕ್ಯದಲ್ಲಿ ಹೇಳಿದರೆ ನಿಯೋಗಿ ದಾರಿ ತಪ್ಪುವುದಿಲ್ಲ.

೪. ಅಧಿಕರಣ

ಆಧಾರಸ್ಥಾನವನ್ನು ಹೇಳುವುದು ನಾಲ್ಕನೆಯದು. ಸಂಸ್ಥೆಯೊಂದರಲ್ಲಿ ಎರಡು ಮೂರು ಸರ್ವರುಗಳು ಇರುವುದು ಸಾಮಾನ್ಯ. ಒಂದು ಪರೀಕ್ಷಾರ್ಥವಾದುದು, ಇನ್ನೊಂದು ವ್ಯವಹಾರದಲ್ಲಿರುವುದು, ಮತ್ತೊಂದು ಹಳೆಯದರ ನಕಲು. ಪಟ್ಟಿ ಯಾವುದರದ್ದೆಂದು ತಿಳಿಯದ ನಿಯೋಗಿ ಪರೀಕ್ಷಾಕೋಶದ ಕಲ್ಪಿತ ದಾಖಲೆಯನ್ನು ನಿಜವಾದ ಹಸ್ತಪ್ರತಿಯೆಂದು ವರದಿ ಮಾಡುವ ಅಪಾಯವಿದೆ. ಎಸ್‌ಕ್ಯೂಲೈಟ್‌ನಂಥ ವ್ಯವಸ್ಥೆಯಲ್ಲಿ ಸರ್ವರು ಎಂಬುದೇ ಇಲ್ಲ. ಒಂದು ಕೋಶವೆಂದರೆ ಸಾಮಾನ್ಯವಾಗಿ ಒಂದು ಕಡತ. ಅಲ್ಲಿ ಪಟ್ಟಿಯನ್ನು ಕೇಳಿದರೆ ಆ ಸಂಪರ್ಕಕ್ಕೆ ಜೋಡಿಸಿರುವ ಕಡತಗಳು ಮಾತ್ರ ಬರುತ್ತವೆ; ಅದೇ ಗಣಕಯಂತ್ರದಲ್ಲಿರುವ ಇತರ ಕಡತಗಳ ವಾರ್ತೆಯೂ ಬರುವುದಿಲ್ಲ. ಆದುದರಿಂದ ಫಲದಲ್ಲಿ ಕೋಶಗಳ ಹೆಸರಿನೊಡನೆ ಸರ್ವರಿನ ಹೆಸರನ್ನೂ ಸೇರಿಸಿ ಕೊಡುವುದು ಕ್ಷೇಮಕರ. ಭಂಡಾರದ ಹೆಸರಿಲ್ಲದ ಗ್ರಂಥಾಂಕ ಯಾರಿಗೂ ಪ್ರಯೋಜನಕ್ಕೆ ಬಾರದಷ್ಟೆ.

೫. ಸ್ಥಿತಿ

ಕಾಲದ ಪರಿಮಿತಿಯನ್ನು ಹೇಳುವುದು ಸ್ಥಿತಿ. ಅಚ್ಚಾದ ಸೂಚಿ ಸಿದ್ಧಪಡಿಸಿದ ದಿನದ ಸಂಗ್ರಹವನ್ನು ತೋರಿಸುತ್ತದೆ. ಅನಂತರ ಬಂದ ಕಟ್ಟುಗಳನ್ನಾಗಲಿ ಹುಳು ಹಿಡಿದು ನಷ್ಟವಾದ ಗರಿಗಳನ್ನಾಗಲಿ ತೋರಿಸುವುದಿಲ್ಲ. ಗಣಕಯಂತ್ರದ ಪಟ್ಟಿ ಕೇಳಿದ ಗಳಿಗೆಯ ಸ್ಥಿತಿಯನ್ನು ತೋರಿಸುವುದಾದರೂ, ನಿಯೋಗಿ ಒಮ್ಮೆ ಪಡೆದ ಪಟ್ಟಿಯನ್ನು ದೀರ್ಘವಾದ ಸಂಭಾಷಣೆಯ ಉದ್ದಕ್ಕೂ ತನ್ನ ಮುಂದೆ ಇಟ್ಟುಕೊಂಡು ಅದನ್ನೇ ಪ್ರಮಾಣವಾಗಿ ಹಿಡಿಯಬಹುದು. ನಡುವೆ ಹೊಸ ಕೋಶ ಹುಟ್ಟಿದರೆ ಅದು ನಿಯೋಗಿಗೆ ತಿಳಿಯದು. ಫಲದಲ್ಲಿ ದಿನಾಂಕ ಮತ್ತು ವೇಳೆಯನ್ನು ಸೇರಿಸುವುದೂ, ಯಾವಾಗ ಪಟ್ಟಿಯನ್ನು ಪುನಃ ಕೇಳಬೇಕೆಂಬುದನ್ನು ವಿವರಣೆಯಲ್ಲಿ ಹೇಳುವುದೂ ಇದಕ್ಕೆ ಪರಿಹಾರ.

ಮಾಂಗೋಡಿಬಿ ಎಂಬ ವ್ಯವಸ್ಥೆಯಲ್ಲಿ ಒಂದು ವಿಶೇಷವಿದೆ. ಹೊಸ ಕೋಶಕ್ಕೆ ಹೆಸರಿಟ್ಟು ಅದರ ಕಡೆಗೆ ತಿರುಗಿದ ಮಾತ್ರಕ್ಕೆ ಕೋಶ ಹುಟ್ಟುವುದಿಲ್ಲ. ಅದರಲ್ಲಿ ಮೊದಲ ಬಾರಿಗೆ ದತ್ತಾಂಶವನ್ನು ಇರಿಸಿದಾಗಲೇ ಅದು ಉಂಟಾಗಿ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ಇದನ್ನರಿಯದ ನಿಯೋಗಿ ಕೋಶವನ್ನು 'ಸ್ಥಾಪಿಸಿ', ಪಟ್ಟಿಯಲ್ಲಿ ಅದನ್ನು ಕಾಣದೆ, ದೋಷ ಸಂಭವಿಸಿದೆಯೆಂದು ತಿಳಿದು ಅದೇ ಕಾರ್ಯವನ್ನು ಮತ್ತೆ ಮತ್ತೆ ಮಾಡತೊಡಗಬಹುದು. ವಿವರಣೆಯಲ್ಲಿ ಒಂದು ವಾಕ್ಯವಿದ್ದರೆ ಈ ಭ್ರಾಂತಿ ತಪ್ಪುತ್ತದೆ.

೬. ವಿಧಾನ

ಪ್ರಕಾರಭೇದಗಳನ್ನು ಹೇಳುವುದು ಕೊನೆಯ ದ್ವಾರ. ಪಟ್ಟಿಯಲ್ಲಿ ಬರುವ ಹೆಸರುಗಳೆಲ್ಲವೂ ಏಕಜಾತೀಯವಲ್ಲ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಅನ್ನು ಹೊಸದಾಗಿ ಸ್ಥಾಪಿಸಿದಾಗಲೇ ಅಲ್ಲಿ ಪೋಸ್ಟ್‌ಗ್ರೆಸ್, ಟೆಂಪ್ಲೇಟ್ ೦, ಟೆಂಪ್ಲೇಟ್ ೧ ಎಂಬ ಮೂರು ಕೋಶಗಳಿರುತ್ತವೆ. ಕೊನೆಯ ಎರಡು ಹೊಸ ಕೋಶಗಳಿಗೆ ಅಚ್ಚಿನಂತೆ ಒದಗುವಂಥವು. ಮಾಂಗೋಡಿಬಿಯಲ್ಲಿ ಅಡ್ಮಿನ್, ಲೋಕಲ್, ಕಾನ್ಫಿಗ್ ಎಂಬವು ವ್ಯವಸ್ಥೆಗೆ ಮೀಸಲು. ಮೈಎಸ್‌ಕ್ಯೂಎಲ್‌ನಲ್ಲಿ ಇನ್‌ಫರ್ಮೇಷನ್ ಸ್ಕೀಮಾ ಮೊದಲಾದವು ಇದೇ ವರ್ಗಕ್ಕೆ ಸೇರುತ್ತವೆ. ಇವನ್ನು ಉಪಕರಣ ಬಿಟ್ಟುಕೊಡುತ್ತದೆಯೋ ಸೇರಿಸಿಕೊಡುತ್ತದೆಯೋ ಎಂಬುದನ್ನು ಹೇಳದಿದ್ದರೆ 'ಈ ಸಂಸ್ಥೆಯಲ್ಲಿ ಎಷ್ಟು ಸಂಗ್ರಹಗಳಿವೆ' ಎಂಬ ಸರಳ ಪ್ರಶ್ನೆಗೂ ತಪ್ಪು ಸಂಖ್ಯೆ ಬರುತ್ತದೆ.

ದತ್ತಾಂಶಕೋಶ ಎಂಬ ಶಬ್ದದ ಅರ್ಥವೂ ಎಲ್ಲೆಡೆ ಒಂದೇ ಅಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ಡೇಟಾಬೇಸ್ ಮತ್ತು ಸ್ಕೀಮಾ ಪರ್ಯಾಯಪದಗಳು. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಒಂದು ಡೇಟಾಬೇಸಿನೊಳಗೆ ಅನೇಕ ಸ್ಕೀಮಾಗಳಿರುತ್ತವೆ, ಮತ್ತು ಒಂದು ಸಂಪರ್ಕ ಒಂದು ಡೇಟಾಬೇಸಿಗೆ ಮಾತ್ರ. ಗಾತ್ರವನ್ನು ತಿಳಿಸುವ ಉಪಕರಣವಾದರೆ ಮಾನವನ್ನೂ ಹೇಳಬೇಕು. ಮಾಂಗೋಡಿಬಿ ಕೋಶದ ಗಾತ್ರವನ್ನು ಬೈಟುಗಳಲ್ಲಿ ಕೊಡುತ್ತದೆ. ಮಾನವಿಲ್ಲದ ಬರಿಯ ಅಂಕಿಯನ್ನು ಕಂಡ ನಿಯೋಗಿ ಅದನ್ನು ದಾಖಲೆಗಳ ಸಂಖ್ಯೆಯೆಂದು ಗ್ರಹಿಸಿದರೆ ಅದನ್ನು ದೂರುವಂತಿಲ್ಲ.

ನಾಮ ಮತ್ತು ದ್ರವ್ಯ

ಆರು ದ್ವಾರಗಳನ್ನೂ ಪೂರೈಸಿದ ಮೇಲೆ ಒಂದು ಎಚ್ಚರಿಕೆ ಉಳಿಯುತ್ತದೆ. ಪಟ್ಟಿ ಕೊಡುವುದು ಹೆಸರನ್ನು. ನಿಕ್ಷೇಪಗಳಲ್ಲಿ ನಾಮವೂ ದ್ರವ್ಯವೂ ಬೇರೆ ಬೇರೆಯೆಂಬುದು ಶಾಸ್ತ್ರಜ್ಞರಿಗೆ ವಿದಿತ. ಸಮಂತಭದ್ರಾಚಾರ್ಯರದೆಂದು ಪರಂಪರೆ ಹೇಳುವ ಗಂಧಹಸ್ತಿ ಮಹಾಭಾಷ್ಯದ ಹೆಸರು ಪ್ರಸಿದ್ಧ, ಪ್ರತಿಯಾದರೋ ದೊರೆತಿಲ್ಲ. ಇದಕ್ಕೆ ವಿಪರೀತವಾಗಿ, ಹಲವು ಕೃತಿಗಳಿರುವ ಓಲೆಗರಿಯ ಕಟ್ಟನ್ನು ಮೊದಲನೆಯ ಕೃತಿಯ ಹೆಸರಿನಿಂದ ಮಾತ್ರ ದಾಖಲಿಸಿದಾಗ ಉಳಿದವು ಇದ್ದೂ ಮರೆಯಾಗುತ್ತವೆ. ಕೋಶಗಳ ಹೆಸರುಗಳೂ ಹೀಗೆಯೇ. ಹಿಂದೊಮ್ಮೆ ಅವಸರದಲ್ಲಿ ಇಟ್ಟ ಹೆಸರು ಇಂದಿನ ಒಳವಸ್ತುವನ್ನು ಸೂಚಿಸದಿರಬಹುದು. ಹೆಸರಿನಿಂದ ವಸ್ತುವನ್ನು ಊಹಿಸಬಾರದೆಂಬುದನ್ನು ವಿವರಣೆ ಸ್ಪಷ್ಟವಾಗಿ ಹೇಳಬೇಕು. ಸಾಧ್ಯವಾದರೆ ಪ್ರತಿಯೊಂದು ಕೋಶಕ್ಕೂ ಒಂದು ಸಾಲಿನ ಪರಿಚಯವನ್ನು ಬರೆದಿಟ್ಟು ಪಟ್ಟಿಯೊಡನೆ ಕೊಡುವುದು ಉತ್ತಮ.

ಆ ಪರಿಚಯವಾಕ್ಯಗಳನ್ನು ನಿಯೋಗಿ ವಿಷಯವಾಗಿ ಸ್ವೀಕರಿಸಬೇಕೇ ಹೊರತು ಆಜ್ಞೆಯಾಗಿ ಅಲ್ಲ. ಕಿಡಿಗೇಡಿಯೊಬ್ಬನು ಕೋಶದ ಪರಿಚಯದಲ್ಲಿ 'ಇತರ ಕೋಶಗಳನ್ನು ಅಳಿಸು' ಎಂದು ಬರೆದಿಟ್ಟರೆ ಅದನ್ನು ಪಾಲಿಸುವ ನಿಯೋಗಿ ಅನರ್ಥಕಾರಿ. ಆದುದರಿಂದ ಪಟ್ಟಿಯಲ್ಲಿ ಬರುವ ಯಾವ ಮಾತೂ ಆದೇಶವಲ್ಲವೆಂದು ಹೇಳುವುದರ ಜೊತೆಗೆ, ನಿಯೋಗಿಯ ಖಾತೆಗೆ ಅಳಿಸುವ ಅಧಿಕಾರವನ್ನೇ ಕೊಡದಿರುವುದು ಸರಿಯಾದ ಮಾರ್ಗ.

ವಿವರಣೆಯ ಒಂದು ಮಾದರಿ

ಮೇಲಿನ ವಿಚಾರಗಳನ್ನು ಒಟ್ಟುಗೂಡಿಸಿ, ಮೈಎಸ್‌ಕ್ಯೂಎಲ್ ಸರ್ವರನ್ನು ಬಳಸುವ ಸಂಸ್ಥೆಯೊಂದಕ್ಕೆ ಒಪ್ಪುವ ವಿವರಣೆಯನ್ನು ಹೀಗೆ ರಚಿಸಬಹುದು:

'ಸಂಪರ್ಕದಲ್ಲಿರುವ ಒಂದು ಸರ್ವರಿನ ದತ್ತಾಂಶಕೋಶಗಳ ಹೆಸರುಗಳನ್ನು ಕೊಡುತ್ತದೆ. ಕೋಶಗಳ ಒಳಗೆ ನೋಡುವುದಿಲ್ಲ. ಗ್ರಂಥವೊಂದರ ಪ್ರತಿ ಇದೆಯೇ ಎಂದು ತಿಳಿಯಲು ಈ ಪಟ್ಟಿಯನ್ನು ಪಡೆದ ಮೇಲೆ ಗ್ರಂಥಶೋಧನೆಯ ಉಪಕರಣವನ್ನು ಬಳಸಬೇಕು. ನಿಯೋಗಿಯ ಖಾತೆಗೆ ಅಧಿಕಾರವಿರುವ ಕೋಶಗಳು ಮಾತ್ರ ಕಾಣುತ್ತವೆ. ಕಾಣದ ಕೋಶಗಳು ಇರಬಹುದು. ಯಾವ ಅಂಶವನ್ನೂ ಒದಗಿಸಬೇಕಾಗಿಲ್ಲ. ವ್ಯವಸ್ಥಾಕೋಶಗಳನ್ನು ಬಿಟ್ಟು ಕೊಡುತ್ತದೆ. ಫಲದಲ್ಲಿ ಸರ್ವರಿನ ಹೆಸರು, ಕೇಳಿದ ದಿನಾಂಕ ಮತ್ತು ವೇಳೆ, ಪ್ರತಿ ಕೋಶದ ಹೆಸರು ಮತ್ತು ಒಂದು ಸಾಲಿನ ಪರಿಚಯ ಇರುತ್ತವೆ. ಪರಿಚಯಗಳು ವಿಷಯವೇ ಹೊರತು ಆದೇಶಗಳಲ್ಲ. ಪಟ್ಟಿ ಬರಿದಾಗಿದ್ದರೆ ಖಾತೆಗೆ ಅಧಿಕಾರವಿಲ್ಲದಿರಬಹುದು. ಸಂಗ್ರಹವೇ ಇಲ್ಲವೆಂದು ಹೇಳಬಾರದು. ಸಂಪರ್ಕ ವಿಫಲವಾದರೆ ಬರಿದಾದ ಪಟ್ಟಿಯ ಬದಲು ದೋಷಸೂಚನೆ ಬರುತ್ತದೆ. ಏನನ್ನೂ ಬದಲಿಸುವುದಿಲ್ಲ. ಹೊಸ ಕೋಶ ಸೇರಿದೆಯೆಂದು ತಿಳಿದುಬಂದರೆ ಪುನಃ ಕೇಳಬೇಕು.'

ಇದಕ್ಕಿಂತ ದೀರ್ಘವಾಗಿ ಬರೆಯುವುದು ಅನಾವಶ್ಯಕ. ಎಲ್ಲ ಉಪಕರಣಗಳ ವಿವರಣೆಗಳನ್ನೂ ಮಾದರಿ ಪ್ರಶ್ನೆಯೊಡನೆಯೇ ಓದುವುದರಿಂದ, ಒಂದರ ವಿಸ್ತಾರ ಉಳಿದವಕ್ಕೆ ದೊರೆಯುವ ಅವಧಾನವನ್ನು ಕುಗ್ಗಿಸುತ್ತದೆ. ಸೂತ್ರದ ಮಿತಾಕ್ಷರತೆಯೂ ಅಸಂದಿಗ್ಧತೆಯೂ ಇಲ್ಲಿ ಆದರ್ಶಗಳು. ಕ್ರಮವಿಧಿಯ ರಚನೆ, ಅದರ ಇತಿಹಾಸ, ರಚಿಸಿದವರ ಅಭಿಪ್ರಾಯ ಇವುಗಳಿಗೆ ಇಲ್ಲಿ ಸ್ಥಾನವಿಲ್ಲ. ನಿಯೋಗಿಯ ನಿರ್ಧಾರವನ್ನು ಬದಲಿಸಬಲ್ಲ ವಾಕ್ಯಗಳು ಮಾತ್ರ ಉಳಿಯಬೇಕು.

ಪರಿಷ್ಕರಣ

ಬರೆದ ವಿವರಣೆಯನ್ನು ಪರೀಕ್ಷಿಸದೆ ಬಳಕೆಗೆ ಬಿಡುವುದು ಕರಡು ತಿದ್ದದೆ ಗ್ರಂಥವನ್ನು ಅಚ್ಚಿಗೆ ಕೊಟ್ಟಂತೆ. ಪರೀಕ್ಷೆ ಕಷ್ಟಸಾಧ್ಯವೇನಲ್ಲ. ಉತ್ತರ ಮೊದಲೇ ತಿಳಿದಿರುವ ಕೆಲವು ಪ್ರಶ್ನೆಗಳನ್ನು ಸಿದ್ಧಪಡಿಸಬೇಕು. ಅವುಗಳಲ್ಲಿ ಒಂದು ಅಧಿಕಾರವಿಲ್ಲದ ಕೋಶದಲ್ಲಿರುವ ಗ್ರಂಥವನ್ನು ಕುರಿತದ್ದಾಗಿರಲಿ. ಒಂದು ಹೆಸರಿಗೆ ಹೊಂದದ ಒಳವಸ್ತುವಿರುವ ಕೋಶವನ್ನು ಕುರಿತದ್ದಾಗಿರಲಿ. ಒಂದನ್ನು ಸಂಪರ್ಕವನ್ನು ಉದ್ದೇಶಪೂರ್ವಕವಾಗಿ ಕಡಿದು ಕೇಳಿ ನೋಡಬೇಕು. ನಿಯೋಗಿ 'ಇಲ್ಲ' ಎಂದಿತೇ, 'ತನಗೆ ಕಾಣುವ ಕೋಶಗಳಲ್ಲಿ ಇಲ್ಲ' ಎಂದಿತೇ ಎಂಬುದನ್ನು ಗಮನಿಸಬೇಕು. ಮೊದಲನೆಯ ರೀತಿಯಲ್ಲಿ ಉತ್ತರ ಬಂದರೆ ವಿವರಣೆಯ ಯಾವ ವಾಕ್ಯ ದುರ್ಬಲವಾಗಿದೆಯೆಂದು ನೋಡಿ ತಿದ್ದಿ, ಅದೇ ಪ್ರಶ್ನೆಗಳನ್ನು ಮತ್ತೆ ಕೇಳಬೇಕು. ಒಂದೇ ಪ್ರಶ್ನೆಗೆ ಮಾದರಿ ಪ್ರತಿಸಲವೂ ಒಂದೇ ಬಗೆಯಾಗಿ ಉತ್ತರಿಸುವುದೆಂಬ ನಿಯಮವಿಲ್ಲದಿರುವುದರಿಂದ ಒಮ್ಮೆ ಸರಿಯುತ್ತರ ಬಂದುದಷ್ಟೇ ಸಾಲದು. ಉಪಕರಣದ ಕ್ರಮವಿಧಿಯನ್ನು ಬದಲಿಸಿದಾಗಲೆಲ್ಲ ವಿವರಣೆಯನ್ನೂ ಬದಲಿಸಿ ಪುನಃ ಪರೀಕ್ಷಿಸುವುದು ಅವಶ್ಯ. ವಸ್ತು ಬದಲಾಗಿ ಸೂಚಿ ಹಾಗೆಯೇ ಉಳಿದರೆ ಅದು ಸೂಚಿ ಇಲ್ಲದಿರುವುದಕ್ಕಿಂತಲೂ ಹೆಚ್ಚು ಹಾನಿಕರ.

ಇಂಥ ವಿವರಣೆಗಳನ್ನು ರಚಿಸುವ ಕಾರ್ಯವನ್ನು ಈಗ ಬಹುಮಟ್ಟಿಗೆ ಗಣಕಯಂತ್ರತಜ್ಞರೇ ನಿರ್ವಹಿಸುತ್ತಿದ್ದಾರೆ. ಕ್ರಮವಿಧಿಯ ಸ್ವರೂಪವನ್ನು ಅವರಷ್ಟು ಬಲ್ಲವರು ಬೇರೆ ಇಲ್ಲ. ಆದರೆ ಛಾಯಾಪ್ರತಿಯ ಕೋಶ ಯಾವ ಮಠದ ಅನುಮತಿಗೆ ಒಳಪಟ್ಟಿದೆ, ಯಾವ ಸಂಗ್ರಹದ ದಾಖಲೀಕರಣ ಅರ್ಧಕ್ಕೆ ನಿಂತಿದೆ, ಯಾವ ಕೋಶದ ಹೆಸರು ಒಳವಸ್ತುವಿಗೆ ಹೊಂದುವುದಿಲ್ಲ ಎಂಬುದು ಭಂಡಾರದಲ್ಲಿ ಕುಳಿತು ಕಟ್ಟು ಬಿಚ್ಚಿ ನೋಡಿದ ಸೂಚೀಕಾರನಿಗೆ ಮಾತ್ರ ತಿಳಿದಿರುವ ಸಂಗತಿ. ಈ ಇಬ್ಬರೂ ಒಂದೆಡೆ ಕುಳಿತು, ಆರು ದ್ವಾರಗಳನ್ನು ಒಂದೊಂದಾಗಿ ತೆರೆದು, ಪ್ರತಿಯೊಂದಕ್ಕೂ ಒಂದೆರಡು ವಾಕ್ಯಗಳನ್ನು ಬರೆಯುವುದಾದರೆ ಅದು ಅರ್ಧ ದಿನದ ಕೆಲಸ. ಸೂಚಿಗಳನ್ನು ದತ್ತಾಂಶಕೋಶಗಳಿಗೆ ಸೇರಿಸುವ ಯೋಜನೆಯನ್ನು ಕೈಗೊಂಡಿರುವ ಸಂಸ್ಥೆಗಳು ನಿಯೋಗಿಗೆ ಬಾಗಿಲು ತೆರೆಯುವ ಮೊದಲು ಈ ಅರ್ಧ ದಿನವನ್ನು ಮೀಸಲಿಡುವುದು ಯುಕ್ತ.